ಬದನೆಕಾಯಿ ಬಣ್ಣ ಕಾಣದ ಎರಡು ವರ್ಷ

ಕೆಟ್ಟಿದ್ದು ನನ್ನ ಕಣ್ಣು. ಕಬ್ಬಿಣ ಕೆಟ್ಟಿರಲಿಲ್ಲ, ಇದ್ದಿಲು ಕೆಟ್ಟಿರಲಿಲ್ಲ, ಸೊಸೆಯ ಕೈ ಕೆಟ್ಟಿರಲಿಲ್ಲ. ಇಷ್ಟು ಹೇಳುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಊರಿನವರನ್ನೆಲ್ಲ ಬೈದೆ, ನನ್ನ ಕಣ್ಣೊಂದನ್ನು ಬಿಟ್ಟು.

ಪೊರೆ ಬಂದಿತ್ತು. ನಮ್ಮ ಕಡೆ ಮೋತಿಬಿಂದು ಅನ್ನುತ್ತಾರೆ. ವಯಸ್ಸಾದವರಿಗೆಲ್ಲ ಬರುತ್ತದೆ, ತೆಗೆಸಿಕೊಳ್ಳುತ್ತಾರೆ, ಅದರಲ್ಲಿ ಬರೆಯುವುದೇನಿದೆ ಎಂದು ಮಗ ಕೇಳಿದ. ಬೆಂಕಿಯ ಮುಂದೆ ಕೂತು ದುಡಿಯುವವರಿಗೆ ಅದು ಮೋಸ ಮಾಡುವ ರೀತಿಯೇ ಬೇರೆ, ಅದಕ್ಕೇ ಬರೆಸುತ್ತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ನಾನು ಹೇಳಿದೆ, ಮೊಮ್ಮಗಳು ಬರೆದಳು. ಅವಳು ಸಿಹಿ ಬೆರೆಸಿದ ಕಡೆಯೆಲ್ಲ ಹೊಡೆದು ಹಾಕಿಸಿದ್ದೇನೆ.

ನಾವು ಕಂಬಾರರು. ಮಸಗುಪ್ಪಿಯಲ್ಲಿ ನಮ್ಮ ಕುಲುಮೆ. ಕುಡಗೋಲು, ಕುರ್ಪಿಗಳನ್ನು ಮೂಡಲಗಿಯ ಸಂತೆಗೆ ಒಯ್ಯುತ್ತೇವೆ. ಕೊಡಲಿ ಬೇಕಾದವರು ಮನೆಗೇ ಬರುತ್ತಾರೆ. ಗಂಡ ಇರುವ ತನಕ ಇಕ್ಕಳ ಅವನ ಕೈಯಲ್ಲಿ, ಘಣ ನನ್ನ ಕೈಯಲ್ಲಿ. ಘಣ ಅಂದರೆ ಎರಡೂ ಕೈಯಿಂದ ಎತ್ತಿ ಹೊಡೆಯುವ ದೊಡ್ಡ ಸುತ್ತಿಗೆ. ಮಗ ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳವರೆಗೂ ಹೊಡೆದಿದ್ದೇನೆ. ಆದರೆ ಕುಲುಮೆಯಲ್ಲಿ ಯಜಮಾನಿಕೆ ಇಕ್ಕಳ ಹಿಡಿದವರದು. ಕಬ್ಬಿಣ ಯಾವಾಗ ಬೆಂಕಿಯಿಂದ ಹೊರಗೆ ಬರಬೇಕು, ಯಾವಾಗ ನೀರು ಕುಡಿಯಬೇಕು ಎಂದು ಹೇಳುವವರು ಅವರು. ಗಂಡ ತೀರಿಕೊಂಡ ಮೇಲೆ ಇಕ್ಕಳ ನಾನು ಹಿಡಿದೆ, ಘಣ ಸೊಸೆ ಕಸ್ತೂರಿಗೆ ಹೋಯಿತು. ಇಬ್ಬರು ಹೆಂಗಸರ ಕುಲುಮೆ ಎಂದು ನಕ್ಕವರು ಎರಡು ಸುಗ್ಗಿ ಕಳೆಯುವುದರೊಳಗೆ ನಗುವುದನ್ನು ಬಿಟ್ಟರು. ಕಬ್ಬು ಕಡಿಯುವ ಹೆಂಗಸರು ನನ್ನ ಕುಡಗೋಲನ್ನು ಅಕ್ಕತಂಗಿಯರಿಗೂ ಕಡ ಕೊಡುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಸುಖ ಈ ಕಸುಬಿನಲ್ಲಿಲ್ಲ. ಸಂಕಟ ಬೇಕಾದಷ್ಟಿದೆ. ಮಷಿನ್ನಿನ ಕುಡಗೋಲು ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ, ಒಳ್ಳೆಯ ಇದ್ದಿಲು ಸಿಗುವುದಿಲ್ಲ, ಬೇಸಿಗೆಯಲ್ಲಿ ಮೈಮೇಲಿನ ಸೀರೆ ಒಣಗಿದ ಕ್ಷಣವೇ ಇರುವುದಿಲ್ಲ. ಇರಲಿ.

ಬಣ್ಣದ ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಾದ ಕಬ್ಬಿಣ ದಾಳಿಂಬೆ ಕಾಳಿನ ಬಣ್ಣಕ್ಕೆ ಬಂದಾಗ ಅದನ್ನು ನೀರಿಗೆ ಅದ್ದುತ್ತೇವೆ. ಆಗ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಮುರಿಯುತ್ತದೆ. ಅದಕ್ಕೇ ಅಲಗನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಇನ್ನೊಮ್ಮೆ ಸಣ್ಣ ಬಿಸಿ ತೋರಿಸಬೇಕು. ಆ ಬಿಳುಪಿನ ಮೇಲೆ ಬಣ್ಣ ಹರಿದು ಬರುತ್ತದೆ. ಮೊದಲು ಗೋಧಿ ಹುಲ್ಲಿನ ಹಳದಿ, ಆಮೇಲೆ ಬೆಲ್ಲದ ಕಂದು, ಆಮೇಲೆ ಬದನೆಕಾಯಿ, ಕಡೆಗೆ ನವಿಲಿನ ಕೊರಳು. ಕುಡಗೋಲಿಗೆ ಬೆಲ್ಲದ ಬಣ್ಣ ಸಾಕು. ಕೊಡಲಿಗೆ ಬದನೆಕಾಯಿ ಬರಲೇಬೇಕು. ಅದು ಬಂದು ನಿಲ್ಲುವುದು ನಾಲ್ಕು ಎಣಿಸುವಷ್ಟು ಹೊತ್ತು. ಅಷ್ಟರಲ್ಲಿ ಅಲಗು ನೀರಿಗೆ ಹೋಗಬೇಕು. ಇದಕ್ಕೆ ಅಳತೆಯಿಲ್ಲ, ಯಂತ್ರವಿಲ್ಲ. ಕಣ್ಣು, ಅಷ್ಟೇ.

ಬಣ್ಣ ಕಾಣಬೇಕಾದರೆ ಕುಲುಮೆಯೊಳಗೆ ನೆರಳಿರಬೇಕು. ಅದಕ್ಕೆ ಕಂಬಾರರು ಬಿಸಿಲು ಬರುವ ಕಡೆ ಗೋಣಿತಾಟು ಇಳಿಬಿಡುತ್ತಾರೆ. ನಮ್ಮಲ್ಲಿ ಒಂದು ತಾಟು ಇತ್ತು. ಬಿಸಿಲು ಕಣ್ಣಿಗೆ ಚುಚ್ಚತೊಡಗಿದಾಗ ನಾನು ಎರಡನೆಯದು ಕಟ್ಟಿದೆ. ಕೆಲವು ತಿಂಗಳಿಗೆ ಮೂರನೆಯದು. ಕಸ್ತೂರಿ ಬಕೆಟ್ಟು ಎಡವಿ ಬಿದ್ದಳು.

"ಅತ್ತಿ, ಇದು ಕುಲಮೀನೋ ಗವೀನೋ?" ಅಂದಳು.

"ಕಣ್ಣ ತೆರದ ನಡಿ," ಅಂದೆ ನಾನು. ನಾನೇ ಅಂದೆ ಆ ಮಾತನ್ನು.

ಮೊದಲು ಮುರಿದದ್ದು ಒಂದು ಕುಡಗೋಲು. ಗೋಕಾಕದ ಗುಜರಿಯವನು ಕೊಟ್ಟ ಲಾರಿ ಸ್ಪ್ರಿಂಗಿನ ಪಟ್ಟಿ ಸರಿಯಿಲ್ಲ ಅಂದೆ. ಬೇರೆಯವನ ಹತ್ತಿರ ಪಟ್ಟಿ ತಂದೆ. ಮತ್ತೆ ಎರಡು ಮುರಿದವು. ಇದ್ದಿಲು ಹಸಿ ಅಂದೆ, ಇದ್ದಿಲು ಬದಲಿಸಿದೆ. ಬಾವಿಯ ನೀರು ಬಿಟ್ಟು ಹೊಳೆಯ ನೀರು ತರಿಸಿದೆ. ಕಡೆಗೆ ಕಸ್ತೂರಿಯ ಪೆಟ್ಟು ಓರೆ ಬೀಳುತ್ತದೆ ಅಂದೆ. ಕಣ್ಣಿನಲ್ಲಿ ಪೊರೆ ಬಲಿತಾಗ ಎಲ್ಲವೂ ಹಳದಿಯಾಗಿ ಕಾಣುತ್ತದಂತೆ, ಆಮೇಲೆ ಡಾಕ್ಟರು ಹೇಳಿದರು. ಉಜ್ಜಿದ ಬಿಳಿ ಅಲಗೇ ನನಗೆ ಗೋಧಿ ಹುಲ್ಲಿನ ಹಾಗೆ ಕಾಣುತ್ತಿತ್ತು. ಸ್ವಲ್ಪ ಹಳದಿ ಬಂದರೆ ಬೆಲ್ಲ ಬಂತು ಅನ್ನುತ್ತಿದ್ದೆ, ಬೆಲ್ಲ ಬಂದರೆ ಬದನೆಕಾಯಿ ಅನ್ನುತ್ತಿದ್ದೆ. ಎಲ್ಲವನ್ನೂ ಹೊತ್ತಿಗೆ ಮುಂಚೆ ನೀರಿಗೆ ಹಾಕಿದೆ. ನಿಧಾನವಾಗಿ ಬಂದದ್ದರಿಂದ ನನಗೆ ಗೊತ್ತೇ ಆಗಲಿಲ್ಲ. ಒಂದೇ ದಿನಕ್ಕೆ ಕಣ್ಣು ಹೋಗಿದ್ದರೆ ಆಸ್ಪತ್ರೆಗೆ ಓಡುತ್ತಿದ್ದೆ.

ಬೀರಪ್ಪ ಎಂಬ ಕುರಿಗಾರ ಘೋಡಗೇರಿಯವನು. ನನ್ನ ಮಗನ ವಯಸ್ಸಿನವನು, ಕುರಿ ಹೊಡೆದುಕೊಂಡು ನಮ್ಮೂರ ಕಡೆ ಬಂದಾಗಲೆಲ್ಲ ಕುಲುಮೆಗೆ ಬರುತ್ತಾನೆ. ನಾನು ಮಾಡಿಕೊಟ್ಟ ಕೊಡಲಿ ಹಿಡಿದು ಬಂದ. ಅಲಗಿನಲ್ಲಿ ಬೆರಳಗಲ ಚೂರು ಹಾರಿತ್ತು.

"ಆಯಿ, ಇದು ಕೊಡ್ಲಿನೋ, ಚಾ ಕುಡಿಯೂ ಕಪ್ಪ-ಬಸಿನೋ?"

"ಕಲ್ಲಿಗೆ ಹೊಡದಿರಬೇಕು ನೀ."

"ಕುರಿಗೆ ಸೊಪ್ಪ ಕಡಿಯಾವ ಕಲ್ಲಿಗೆ ಯಾಕ ಹೊಡೀಲಿ? ಜಾಲಿ ಟೊಂಗಿ, ಹೆಬ್ಬಟ್ಟಿನಷ್ಟ ದಪ್ಪ ಇತ್ತು."

ಬೇರೆ ಅಲಗು ಮಾಡಿಕೊಟ್ಟೆ. ಅದೂ ಹಾರಿತು. ಮೂರನೇ ಸಲ ಬಂದವನು ಕೊಡಲಿ ಕೊಟ್ಟು ಹೋಗಲಿಲ್ಲ, ಕಂಬಳಿ ಹಾಸಿಕೊಂಡು ಅಲ್ಲೇ ಕುಳಿತ. ನಾನು ಬಡಿದೆ, ನೀರು ಕುಡಿಸಿದೆ, ಉಜ್ಜಿದೆ, ಬಿಸಿ ತೋರಿಸಿದೆ, ಮತ್ತೆ ನೀರಿಗೆ ಅದ್ದಿದೆ. ಅವನು ಕೊಡಲಿಯನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

"ಆಯಿ, ಸಿಟ್ಟಾಗಬ್ಯಾಡ. ನಿನ್ನ ಕಣ್ಣಾಗ ಹಾಲ ಬಿದ್ದೈತಿ. ನಮ್ಮ ಮುದಿ ಟಗರಿಗೂ ಹಿಂಗ ಆಗಿತ್ತು. ಹೋಗಿ ಹೋಗಿ ಬೇಲಿಗೆ ಹಾಯತಿತ್ತು."

"ನಾ ಏನ ನಿನ್ನ ಟಗರೇನಲೇ?"

"ಟಗರ ಆಗಿದ್ರ ಇಷ್ಟೊತ್ತಿಗೆ ಮಾರಿರತಿದ್ದೆ."

ಕಸ್ತೂರಿ ಸೆರಗು ಬಾಯಿಗೆ ಹಿಡಿದು ನಕ್ಕಳು. ನನ್ನ ನೆತ್ತಿಗೆ ಸಿಟ್ಟು ಏರಿತು. ಕೊಡಲಿಗೆ ಕಾವು, ಅಂದರೆ ಕಟ್ಟಿಗೆಯ ಹಿಡಿಕೆ, ಹಾಕಿ ಅವಳ ಕೈಗೆ ಕೊಟ್ಟೆ. "ನಗತೀಯಾ? ತಗೋ. ಆ ಜಾಲಿ ತುಂಡಿಗೆ ಹೊಡಿ. ಇಂವನ ಮುಂದನ ಹೊಡಿ."

ಅವಳು ಹೊಡೆದಳು. ಟಣ್ ಅಂತ ಒಂದು ಸಪ್ಪಳ. ಅವಳು ಕೊಡಲಿ ಬಿಟ್ಟು ಮುಖ ಹಿಡಿದುಕೊಂಡಳು. ಬೆರಳ ಸಂದಿಯಿಂದ ರಕ್ತ ಇಳಿಯಿತು. ಅಲಗಿನ ಚೂರು ಅವಳ ಕೆನ್ನೆಗೆ ಬಡಿದಿತ್ತು, ಕಣ್ಣಿಗೆ ಎರಡು ಬೆರಳು ಕೆಳಗೆ.

ಬೀರಪ್ಪ ಓಡಿ ಹೋಗಿ ಅರಿಸಿನ ತಂದ. ಗಾಯ ಆಳವಿರಲಿಲ್ಲ. ನಾನು ಚೂರನ್ನು ಹುಡುಕಿದೆ. ನೆಲದ ಮೇಲೆ ಕೈ ಸವರಿ ಹುಡುಕಬೇಕಾಯಿತು. ಕಣ್ಣಿಗೆ ಕಾಣಲಿಲ್ಲ.

"ನಾಳೆ ಗೋಕಾಕಕ್ಕ ಹೋಗೂಣು," ಅಂದೆ.

"ನನಗೇನೂ ಆಗಿಲ್ರಿ ಅತ್ತಿ."

"ನಿನಗಲ್ಲ. ನನಗ."

ಗೋಕಾಕದ ಕಣ್ಣಿನ ಆಸ್ಪತ್ರೆಯಲ್ಲಿ ಉದ್ದದ ಬೆಂಚುಗಳು. ಕಣ್ಣಿಗೆ ಹನಿ ಹಾಕಿ ಮುಚ್ಚಿಸಿ ಕೂಡಿಸುತ್ತಾರೆ. ಹತ್ತಿಪ್ಪತ್ತು ಮುದುಕರು ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದೆವು. ಭಜನೆಯ ಮೇಳದವರು ನಿದ್ದೆ ಹೋದ ಹಾಗೆ. ನನ್ನ ಬಾಜೂ ಹುಕ್ಕೇರಿ ಕಡೆಯ ಒಬ್ಬ ಹೆಂಗಸು, ಎರಡನೇ ಕಣ್ಣಿಗೆ ಬಂದವಳು. ಕೇಳದೆ ಹೋದರೂ ಹೇಳಿದಳು:

"ಒಂದ ಕಣ್ಣ ತಗಸಿದ ಮ್ಯಾಲ ನಮ್ಮ ಸೊಸಿ ಮನಿ ಎಷ್ಟ ಹೊಲಸ ಇಟ್ಟಾಳ ಅನ್ನೂದ ಕಂಡತ್ ನೋಡ್ರಿ. ಎರಡನೇದೂ ತಗಸಿ ಬಿಡ್ತೇನಿ, ಪೂರ್ತಿ ಕಾಣ್ಲಿ."

"ನಮ್ಮನ್ಯಾಗೂ ಹಂಗ ಆಗ್ತೈತಿ ಅನಸ್ತೈತಿ," ಅಂದಳು ಕಸ್ತೂರಿ. ಕೆನ್ನೆಗೆ ಪಟ್ಟಿ ಹಚ್ಚಿಕೊಂಡು ಕೂತವಳು ಅವಳು. ಆ ಹೆಂಗಸು ಒಂದು ಕಣ್ಣು ತೆರೆದು ಪಟ್ಟಿ ನೋಡಿ, ನನ್ನ ಕಡೆ ನೋಡಿ, ಸ್ವಲ್ಪ ಆಚೆ ಸರಿದು ಕೂತಳಂತೆ, ಕಸ್ತೂರಿ ಆಮೇಲೆ ಹೇಳಿದಳು. ನಾನು ಹೊಡೆದಿದ್ದೇನೆ ಅಂತ ತಿಳಿದಿರಬೇಕು. ಪೂರಾ ಸುಳ್ಳೂ ಅಲ್ಲ.

ಹನಿ ಹಾಕುವ ಮೊದಲು ಒಮ್ಮೆ ಒಳಗೆ ಕರೆದಾಗ ನನಗೆ ಓದು ಬರುವುದಿಲ್ಲವೆಂದು ತಿಳಿದು ಗೆರೆಗಳ ಚಿತ್ರದ ಪಟ್ಟಿ ಹಾಕಿದರು. "ಓದ ಬರ್ತೈತಿ, ಅಕ್ಷರ ಹಾಕ್ರಿ," ಅಂದೆ. ಹಾಕಿದರು. ಮೇಲಿನ ದೊಡ್ಡ ಅಕ್ಷರ ಓದಿದೆ. ಅದರ ಕೆಳಗೆ ಏನೂ ಬರೆದಿಲ್ಲ ಅಂದೆ. ಐದಾರು ಸಾಲು ಬರೆದಿತ್ತಂತೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ದೀಪ ಹಿಡಿದು ನೋಡುತ್ತಾ ಕೇಳಿದಳು, "ಅಜ್ಜೀ, ಮನ್ಯಾಗ ಏನ ಕೆಲಸರಿ?"

"ಕಂಬಾರಕಿ."

"ಮನಿಯವರು ಮಾಡ್ತಾರ್ರೀ?"

"ಮನಿಯವರು ಹೋಗಿ ಹನ್ನೆರಡ ವರ್ಷಾತು. ನಾನ ಮಾಡ್ತೇನಿ."

ಅವಳು ದೀಪ ತೆಗೆದು ಮೊದಲ ಸಲ ನನ್ನನ್ನು ಪೂರ್ತಿ ನೋಡಿದಳು. ಎರಡೂ ಕಣ್ಣಿಗೆ ಬಂದಿದೆ, ಬಲಿತಿದೆ, ಬೆಂಕಿಯ ಝಳ ಅದಕ್ಕೆ ಇಂಬು ಕೊಟ್ಟಿರಬಹುದು, ಒಂದು ತಿಂಗಳ ಅಂತರದಲ್ಲಿ ಒಂದೊಂದು ಕಣ್ಣು ತೆಗೆಯೋಣ ಅಂದಳು. ಇನ್ನು ಕೆಲವು ದಿನ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಅಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಹೆದರಿದ್ದೆ. ಬಚ್ಚಿಡುವುದೇನಿದೆ? ಕುರುಡಿಯಾಗುವ ಹೆದರಿಕೆಗಿಂತ ಇಕ್ಕಳ ಹೋಗುವ ಹೆದರಿಕೆ ದೊಡ್ಡದಿತ್ತು. ಕಟ್ಟೆಯ ಮೇಲೆ ಕೂತು ಹೋಗುವವರನ್ನು ಬರುವವರನ್ನು ಯಾರು ಎಂದು ಕೇಳುವ ಮುದುಕಿಯರನ್ನು ಕಂಡಿದ್ದೇನೆ. ಹಾಗೆ ಕೂಡುವುದಕ್ಕೆ ನಾನು ತಯಾರಿರಲಿಲ್ಲ. ಮಗ ಮೌನೇಶ ಹತ್ತರಗಿಯ ಹೆದ್ದಾರಿ ಬದಿಗೆ ವೆಲ್ಡಿಂಗ್ ಅಂಗಡಿ ಹಾಕಿಕೊಂಡು ಅಲ್ಲೇ ಇರುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವನು ಫೋನಿನಲ್ಲೇ ತೀರ್ಮಾನ ಕೊಟ್ಟ.

"ಆಪರೇಷನ್ ಮಾಡಸ್ಕೋ ಅವ್ವಾ. ಆದ್ರ ಕುಲಮಿ ಸಾಕ್ ಮಾಡ. ಕಸ್ತೂರಿನೂ ಇಲ್ಲೆ ಬರ್ಲಿ, ನೀನೂ ಬಾ."

"ಬಂದ ಅಲ್ಲೇನ ಮಾಡ್ಲಿ?"

"ಆರಾಮ ಕೂಡು."

"ಕೂಡಾಕ ಕಣ್ಣ ಯಾಕ ಬೇಕು? ಕಣ್ಣ ತಗಸೂದ ಬ್ಯಾಡಲ್ಲ ಹಂಗಾರ," ಅಂದು ಫೋನು ಕಸ್ತೂರಿಯ ಕೈಗೆ ಕೊಟ್ಟೆ.

ಆಪರೇಷನ್ನಿಗೆ ಒಳಗೆ ಒಯ್ಯುವಾಗ ಹಸಿರು ಅಂಗಿ ತೊಡಿಸಿದರು. ಬೆನ್ನಿನ ಲಾಡಿ ನನ್ನ ಕೈಗೆ ಸಿಗಲಿಲ್ಲ. ಅಲ್ಲಿಯ ಆಯಾ ಒಬ್ಬಳು ಬಂದು ಕಟ್ಟಿದಳು, ನನ್ನ ಅಂಗೈ ಮುಟ್ಟಿ ನೋಡಿದಳು. "ಇದೇನ್ರಿ, ಗಂಡಸಿನ ಕೈಯಿದ್ದಂಗ ಐತಿ?" ಅಂದಳು. ನಾನು ಹೇಳಿದೆ. ಅವಳ ತವರಿನವರೂ ಕಂಬಾರರಂತೆ. ಬಾಗಿಲ ತನಕ ಕೈ ಬಿಡಲಿಲ್ಲ. ಆ ಹೆಣ್ಣುಮಗಳ ಹೆಸರು ಕೇಳುವುದು ಮರೆತುಹೋಯಿತು, ಅದೊಂದು ಕೊರಗು ಉಳಿದಿದೆ.

ಒಳಗೆ ನೋವಿಲ್ಲ. ಎಚ್ಚರ ಇರುತ್ತದೆ. ಉರಿಯುವ ಬೆಳಕೊಂದು ನೀರಿನೊಳಗೆ ಅಲ್ಲಾಡಿದ ಹಾಗೆ ಕಾಣುತ್ತದೆ. ಮೇಲೆ ಡಾಕ್ಟರೂ ನರ್ಸೂ ಮಧ್ಯಾಹ್ನದ ಊಟದ ಮಾತಾಡುತ್ತಿದ್ದರು, ಝುಣಕ ತಂದಿದ್ದಾರೋ ಇಲ್ಲವೋ ಅಂತ. ನನಗೆ ಅದರಿಂದ ಧೈರ್ಯ ಬಂತು. ಕೈ ಪಳಗಿದವರೇ ಕೆಲಸದ ನಡುವೆ ಊಟದ ಮಾತಾಡುವುದು. ನಾನೂ ಹಾಗೇ.

ಪಟ್ಟಿ ಕಟ್ಟಿ ಮಂಚದ ಮೇಲೆ ಮಲಗಿಸಿದ ಮೇಲೆ ಕಸ್ತೂರಿ ಗಂಜಿ ಕುಡಿಸಿದಳು. ಮುಖ ನೋಡದೆ ಕೇಳುವುದು ಸುಲಭ ಎಂದು ಆಗಲೇ ಕೇಳಿದೆ.

"ನಿನಗ ಬಣ್ಣ ಕಾಣತಿತ್ತೇನ?"

"ಕಾಣತಿತ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ರಿ. ಇನ್ನೂ ಬದನಿಕಾಯಿ ಬಂದಿಲ್ಲ ಅಂತ ಎರಡ ಸಲ ಹೇಳೀನಿ. ಮೂರನೇ ಸಲ ಹೇಳಿದಾಗ ನೀವು ಇಕ್ಕಳ ನನ್ನ ಕಡೆ ಒಗದ್ರಿ."

ಒಗೆದಿದ್ದೆ. ಘಣ ಹೊಡೆಯುವವಳು ಬಣ್ಣ ಹೇಳಬಾರದು ಎಂದು ಕೂಗಿದ್ದೂ ನೆನಪಾಯಿತು. ನನ್ನ ಗಂಡನೂ ನನಗೆ ಹಾಗೆ ಹೇಳಿದವನೇ. ಕುಲುಮೆಯಲ್ಲಿ ಒಬ್ಬರೇ ಬಣ್ಣ ಹೇಳಬೇಕು ಅನ್ನುವುದು ನಮ್ಮ ಪದ್ಧತಿ. ಇಬ್ಬರು ಹೇಳಿದರೆ ಕಬ್ಬಿಣ ಕೆಡುತ್ತದೆ ಅನ್ನುತ್ತಾರೆ. ಆ ಪದ್ಧತಿ ಹಿಡಿದು ಕಣ್ಣಿದ್ದವಳ ಬಾಯಿ ಮುಚ್ಚಿಸಿದೆ. ಅವಳಿಗೆ ನಾನು ಅಂದದ್ದು ಇಷ್ಟೇ: "ಗಂಜಿಗೆ ಉಪ್ಪ ಕಡಿಮಿ ಆಗೇತಿ." ಅವಳು ಉಪ್ಪು ತರಲು ಎದ್ದು ಹೋದಳು. ತರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಹೊರಗೆ ನಿಂತು ಅತ್ತಳೋ ನಕ್ಕಳೋ ತಿಳಿಯದು.

ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಕಸ್ತೂರಿಯ ಸೀರೆ. ನಾನು ಬೂದಿ ಬಣ್ಣ ಅಂದುಕೊಂಡ ಸೀರೆ ನೀಲಿಯಾಗಿತ್ತು. ಅದರ ಮೇಲೆ ಅವಳ ಮುಖ, ಮುಖದ ಮೇಲೆ ಆ ಗಾಯದ ಕಲೆ. ಕಲೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಇಷ್ಟು ದಿನ ಹುಡುಕಿದ ಬಣ್ಣ ಸಿಕ್ಕಿದ್ದು ಅಲ್ಲಿ.

ಎರಡನೇ ಕಣ್ಣೂ ಆಯಿತು. ಹನಿ ಹಾಕಿಕೊಳ್ಳುವುದು, ಬಗ್ಗಬಾರದು, ಭಾರ ಎತ್ತಬಾರದು, ಬೆಂಕಿಯ ಹತ್ತಿರ ಹೋಗಬಾರದು. ಹೇಳಿದಷ್ಟು ದಿನ ಕೂತೆ. ಕಸ್ತೂರಿ ಕುಲುಮೆಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕಡೆಯ ಸಲ ನೋಡಿದಾಗ ಡಾಕ್ಟರು, ಬಿಳಿ ಗಾಜಿನ ಕನ್ನಡಕ ಹಾಕಿಕೊಂಡು, ಮುಖ ದೂರವಿಟ್ಟು, ಬೇಕಾದರೆ ಕೆಲಸ ಮಾಡಿ ಅಂದಳು. "ಬೇಕಾದ್ರ ಅಂದ್ರ ಏನ್ರಿ?" ಅಂದೆ. ನಕ್ಕಳು.

ಆ ದಿನವೇ ಮೌನೇಶನೂ ಬಂದಿದ್ದ. ಮಧ್ಯಾಹ್ನ ಕುಲುಮೆ ಹೊತ್ತಿಸಿದೆ. ಎರಡು ತಾಟು ಕಿತ್ತು ಹಾಕಿ ಒಂದನ್ನು ಉಳಿಸಿದೆ. ಹೊಸ ಕೊಡಲಿ ಬಡಿದು, ನೀರು ಕುಡಿಸಿ, ಅಲಗು ಉಜ್ಜಿದರೆ ಹಾಲಿನಂತೆ ಬಿಳುಪು. ಬಿಸಿ ತೋರಿಸಿದರೆ ಬಣ್ಣಗಳು ಒಂದರ ಹಿಂದೊಂದು ಓಡಿಬಂದವು, ಎಲ್ಲವೂ ಹೊಸವು. ನನಗೆ ದಿಕ್ಕು ತಪ್ಪಿತು. ಹಳೆಯ ಕಣ್ಣಿನ ಲೆಕ್ಕ ಹೊಸ ಕಣ್ಣಿಗೆ ಹೊಂದಲಿಲ್ಲ. ನಾಲ್ಕು ಎಣಿಸುವಷ್ಟು ಹೊತ್ತು ಮಾತ್ರ ಇತ್ತು.

"ಈಗ?" ಅಂದೆ.

"ತಡೀರಿ," ಅಂದಳು ಕಸ್ತೂರಿ. "ತಡೀರಿ. ಈಗ."

ನೀರಿಗೆ ಅದ್ದಿದೆ. ಕಾವು ಹಾಕಿ ಮೌನೇಶನಿಗೆ ಕೊಟ್ಟು, ಕಸ್ತೂರಿಯನ್ನು ದೂರ ನಿಲ್ಲಿಸಿದೆ. ಜಾಲಿ ತುಂಡು ಎರಡಾಯಿತು. ಅಲಗು ಹಾಗೇ ಇತ್ತು. ಅವತ್ತಿನಿಂದ ನಮ್ಮ ಕುಲುಮೆಯಲ್ಲಿ ಇಬ್ಬರೂ ಬಣ್ಣ ಹೇಳುತ್ತೇವೆ. ಇಬ್ಬರೂ ಇದ್ದಾಗ ಇಬ್ಬರ ಬಾಯಿಂದಲೂ ಬಂದ ಮೇಲೆಯೇ ನೀರಿಗೆ. ಕಬ್ಬಿಣ ಕೆಟ್ಟಿಲ್ಲ.

ನಾನು ಕುಣಿಯಬೇಕಾಗಿತ್ತು. ಕುಣಿಯಲಿಲ್ಲ. ಮೂಲೆಯಲ್ಲಿ ಮಾರಾಟವಾಗದೆ ಉಳಿದ ಹಳೆಯ ಕುಡಗೋಲುಗಳಿದ್ದವು. ಒಂದನ್ನು ಕಲ್ಲಿಗೆ ಊರಿ ಮೌನೇಶನಿಂದ ಬಗ್ಗಿಸಿದೆ. ಕಟ್ ಅಂದಿತು. ಇನ್ನೊಂದು, ಅದೂ ಕಟ್. ಎರಡು ವರ್ಷ ನಾನು ಮಾಡಿದ್ದೆಲ್ಲ ಇಂಥದೇ. ಅವೆಲ್ಲ ಈಗ ಯಾರ ಕೈಯಲ್ಲಿವೆ? ಕಬ್ಬಿನ ಹಂಗಾಮು ಸುರುವಾಗುವುದಿತ್ತು.

"ಎಲ್ಲಾ ವಾಪಸ್ ತರತೇನಿ," ಅಂದೆ. "ಮತ್ತ ಕಾಸಿ, ಮತ್ತ ನೀರ ಕುಡಿಸಿ ಕೊಡ್ತೇನಿ."

ಮೌನೇಶ ಹೌಹಾರಿದ. "ಅವ್ವಾ, ನೀನ ಮನಿ ಮನಿಗೆ ಹೋಗಿ ನನ್ನ ಮಾಲ ಖೊಟ್ಟಿ ಐತಿ ಅಂತ ಡಂಗುರಾ ಹೊಡೀತೀಯೇನ? ನಾಳೆಯಿಂದ ಒಬ್ಬ ಗಿರಾಕಿ ಬರಂಗಿಲ್ಲ. ಅಪ್ಪಂದೂ ಹೆಸರ ಹೋಗ್ತೈತಿ. ಮುರದವರು ತಾವ ತರತಾರ, ಬಿಡ."

"ಮುರದ ಚೂರ ಯಾರದರೆ ಕಣ್ಣಾಗ ಹೋದ್ರ?"

ಅವನು ಹೆಂಡತಿಯ ಕೆನ್ನೆ ನೋಡಿದ. ಆದರೂ ಒಪ್ಪಲಿಲ್ಲ. ಖರೆ ಹೇಳುತ್ತೇನೆ, ಅವನು ಹೇಳಿದ್ದು ಸುಳ್ಳಲ್ಲ. ಕಂಬಾರನಿಗೆ ಹೆಸರು ಹೋದರೆ ಕುಲುಮೆ ತಣ್ಣಗಾದ ಹಾಗೆ. ಹನ್ನೆರಡು ವರ್ಷ ಬೆವರಿಳಿಸಿ ಮಾಡಿದ ಹೆಸರು ಅದು. ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಹೋಗಬಾರದು, ಅದೂ ಇರಬೇಕು, ಕುಡಗೋಲೂ ವಾಪಸ್ ಬರಬೇಕು. ಮನೆ ಮನೆಗೆ ಹೋಗುವುದು ಬಿಟ್ಟು ಬೇರೆ ದಾರಿ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಕಣ್ಣಿಗೆ ಹನಿ ಹಾಕಿಸಿಕೊಂಡು, ರೊಟ್ಟಿ ತಿಂದು, ಗೋಣಿಚೀಲ ಹೆಗಲಿಗೆ ಹಾಕಿಕೊಂಡೆ. ನಮ್ಮ ಓಣಿಯಿಂದಲೇ ಸುರು ಮಾಡಿದೆ. ಮೊದಲನೆಯದು ಕಬ್ಬು ಕಡಿಯಲು ಹೋಗುವ ಗಂಗವ್ವನ ಮನೆ. ಅವಳು ಬುತ್ತಿ ಕಟ್ಟುತ್ತಿದ್ದಳು. ನನ್ನ ಕಣ್ಣಿನ ಸಂಗತಿಯೆಲ್ಲ ನಿಂತಲ್ಲೇ ಹೇಳಿ, ಕುಡಗೋಲು ಕೊಡು ಅಂದೆ. ಅವಳು ಅದನ್ನು ಹಿಡಿದು ಹಿಂದೆ ಮುಂದೆ ನೋಡಿದಳು.

"ಇದು ಚಲೋನ ಐತೆಲ್ಲ ಆಯಿ?"

"ಇನ್ನೂ ಮುರದಿಲ್ಲ, ಅಷ್ಟ. ಹಾಕ ಚೀಲದಾಗ."

ಹಾಕಿದಳು. "ಮತ್ತ ಇವತ್ತ ನಾ ಏನಿಂದ ಕಡೀಲಿ?" ಅಂದಳು. ಹಿಂದಿನ ದಿನ ಹೊಸದಾಗಿ ಮಾಡಿದ್ದು ಒಂದೇ ಇತ್ತು, ಕೊಡಲಿ; ಕಬ್ಬಿಗೆ ಅದು ಬರುವುದಿಲ್ಲ. ಕುಲುಮೆಗೆ ಹೋಗಿ ಕಸ್ತೂರಿಗೆ ಬೆಂಕಿ ಹಾಕಲು ಹೇಳು, ಒಂದು ತಾಸಿನಲ್ಲಿ ಇದನ್ನೇ ಸರಿಮಾಡಿ ಕೊಡುತ್ತಾಳೆ ಅಂದು ಅವಳ ಕುಡಗೋಲು ಅವಳ ಕೈಗೇ ಕೊಟ್ಟು ಕಳಿಸಿದೆ. ಆಮೇಲೆ ಖಾಲಿ ಚೀಲ ಮಡಚಿ ಹೆಗಲಿಗೆ ಹಾಕಿಕೊಂಡು ಮುಂದಿನ ಮನೆಯ ಬಾಗಿಲು ಬಡಿದೆ.